ಬಾಗಿಲ ಬಳಿಯ ಮಾತಿಗೆ ಯಾವ ಮಷಿನ್ನು?

ಹಚ್ಚೊಳ್ಳಿ
13 ಫೆಬ್ರವರಿ 2025, ಗುರುವಾರ

ಸ್ಮಶಾನ ಭೂಮಿ ಹೋರಾಟ ಸಮಿತಿಯ ಕಾರ್ಯದರ್ಶಿ ದೊಡ್ಡಬಸಪ್ಪಣ್ಣನವರಿಗೆ, ಜೈ ಭೀಮ್.

ಕೊಟ್ಟ ಮಾತು: ಹಚ್ಚೊಳ್ಳಿ ಕೇರಿಯಲ್ಲಿ ಸತ್ತವರನ್ನು ಹೂಳಲು ಎರಡು ಎಕರೆ, ಹೆಣ ಹೊತ್ತು ನಡೆಯಲು ದಾರಿ ಇರುವ ಕಡೆ.

ಆದದ್ದು: ಕಾಲುವೆಯ ಆಚೆ ದಂಡೆಯಲ್ಲಿ ಮೂವತ್ತು ಗುಂಟೆ ಜವಳು ನೆಲ. ಸೇತುವೆ ಇಲ್ಲ.

ಕೊಟ್ಟ ಮಾತು: ಕೇರಿಯವರನ್ನು ಕೇಳದೆ ಜಾಗ ಗೊತ್ತು ಮಾಡುವುದಿಲ್ಲ.

ಆದದ್ದು: ಹೋದ ಮೇ ತಿಂಗಳು ಕಾಲುವೆ ಒಣಗಿ ಬಿದ್ದಿದ್ದಾಗ ಸರ್ವೆಯವರು ಬಂದರು, ಬೂಟು ನೆನೆಯದೆ ದಾಟಿದರು, 'ಕಾಲ್ದಾರಿ ಇದೆ' ಎಂದು ಬರೆದುಕೊಂಡು ಹೋದರು.

ಇವೆರಡು ಸರ್ಕಾರದ್ದು. ಅವರ ಮೇಲೆ ಸಿಟ್ಟಿದೆ, ಆಶ್ಚರ್ಯವಿಲ್ಲ. ಮೂರನೆಯದು ನಿಮ್ಮದು.

ಕೊಟ್ಟ ಮಾತು: ನಮ್ಮ ಸಮಿತಿಯಲ್ಲಿ ಒಪ್ಪದವರು ಎದ್ದು ನಿಲ್ಲಬೇಕು, ನಿಂತವರ ಮಾತು ನಡಾವಳಿ ಪುಸ್ತಕಕ್ಕೆ ಏರಬೇಕು. ಗಂಡಸಾಗಲಿ, ಹೆಂಗಸಾಗಲಿ, ಒಬ್ಬರಾಗಲಿ, ನೂರು ಜನರಾಗಲಿ. ಈ ನಿಯಮ ಬರೆದವರು ನೀವು.

ಆದದ್ದು: ಫೆಬ್ರವರಿ ಒಂಬತ್ತು, ಭಾನುವಾರ, ಸಿರುಗುಪ್ಪದ ಸಭೆ. ಆ ಆಚೆ ದಂಡೆಯ ಜಾಗವನ್ನು ಒಪ್ಪಿಕೊಳ್ಳುವ ನಿರ್ಣಯ ಓದಿದಿರಿ. ನಾನು ಬಾಗಿಲ ಬಳಿ ಎದ್ದು ನಿಂತೆ. ಕೈ ಎತ್ತಿದೆ. ಮಾತಾಡಿದೆ. ನೀವು ನೇರ ನನ್ನ ಮುಖ ನೋಡಿದಿರಿ. ನಕ್ಕಿರಿ. ಆಮೇಲೆ ಚಪ್ಪಾಳೆ ಹೊಡೆದಿರಿ! ಕಾರ್ಯದರ್ಶಿಯೇ ಹೊಡೆದನಲ್ಲ ಎಂದು ಮುಂದಿನ ಸಾಲಿನ ಗಂಡಸರು ಹೊಡೆದರು. ಚಪ್ಪಾಳೆಯಲ್ಲಿ ನನ್ನ ಬಾಯಿ ಮುಚ್ಚಿಹೋಯಿತು. ಪುಸ್ತಕದಲ್ಲಿ ನೀವು ಬರೆದದ್ದು: 'ಸರ್ವಾನುಮತದಿಂದ ಅಂಗೀಕರಿಸಲಾಯಿತು.' ಅದರ ನಕಲು ಈಗ ತಹಶೀಲ್ದಾರರ ಕಚೇರಿಯಲ್ಲಿದೆ.

ಕಾಗದ ಬರೆಯುವ ಮೊದಲು ಫೋನ್ ಹಚ್ಚಿದೆ. ಹನ್ನೊಂದು ಸಲ. ಒಂದು ಸಲ ಎತ್ತಿದಿರಿ. 'ಹಾಂ ಹಾಂ, ನೋಡಾಣ ತಂಗಿ, ಎಲ್ಲಾ ಒಳ್ಳೇದಾಗ್ತತಿ' ಎಂದು ಇಟ್ಟುಬಿಟ್ಟಿರಿ. ನಾನು ಕೇಳಿದ್ದು, 'ನನ್ನ ಮಾತ್ಯಾಕ ಬರೀಲಿಲ್ಲ?' ಎಂದು.

ಬಾಯಲ್ಲಿ ಕೇಳಿದ್ದಕ್ಕೆ ಉತ್ತರವಿಲ್ಲ. ಕಾಗದದಲ್ಲಿ ಕೇಳುತ್ತಿದ್ದೇನೆ. ಯಾಕೆ?

ಉಚ್ಚೆಂಗೆಮ್ಮ

•

ಕುರುಗೋಡು
19 ಫೆಬ್ರವರಿ 2025

ತಂಗಿ ಉಚ್ಚೆಂಗೆಮ್ಮನಿಗೆ, ಜೈ ಭೀಮ್.

ನಿನ್ನ ಕಾಗದ ಮೂರು ಸಲ ಓದಿದೆ. ಅಕ್ಷರ ಅರ್ಥವಾಯಿತು, ಸಿಟ್ಟು ಅರ್ಥವಾಗಲಿಲ್ಲ.

ನೀನು ಎದ್ದು ನಿಂತಿದ್ದು ನಿಜ. ಕೈ ಎತ್ತಿದ್ದು ನಿಜ. ಹದಿನೆಂಟು ವರ್ಷದಿಂದ ಪ್ರತಿ ಸಭೆಯನ್ನೂ ಮುಗಿಸುವುದು ನಿನ್ನ ಹಾಡೇ ಅಲ್ಲವೇ? ನೀನು ಬಾಗಿಲ ಬಳಿ ಎದ್ದು ಬಲಗೈ ಎತ್ತುತ್ತೀಯ, ನಾನು ಪೆನ್ನು ಮುಚ್ಚಿ ತಾಳ ಹಾಕುತ್ತೇನೆ, ಎಲ್ಲರೂ ಸೇರುತ್ತಾರೆ. ಅವತ್ತೂ ಹಾಕಿದೆ. ಹಾಡಿಗೆ ತಾಳ ಹಾಕಿದ್ದು ಅವಮಾನ ಹೇಗಾಯಿತು?

ನಿರ್ಣಯಕ್ಕೆ ಯಾರೂ ಏಳಲಿಲ್ಲ. ಅಧ್ಯಕ್ಷ ಮಾರೆಣ್ಣನನ್ನು ಕೇಳು, ಅವನು ನನ್ನ ಪಕ್ಕದಲ್ಲೇ ಕೂತಿದ್ದ. ಯಾರೂ ಏಳದಿದ್ದರೆ ಸರ್ವಾನುಮತ ಎಂದೇ ಬರೆಯುವುದು.

ಒಂದು ಮಾತು ಹೇಳಲೇ? ಅವತ್ತಿನ ಹಾಡು ಎಂದಿನಂತೆ ಇರಲಿಲ್ಲ. ಕೊನೆಗೆ ನಿನ್ನ ಕಣ್ಣಲ್ಲಿ ನೀರು ಬಂತು. ನೋಡಿ ನನಗೂ ಬಂತು.

ಇಲ್ಲಿ ಫೋನಿನ ಸಿಗ್ನಲ್ ಸರಿಯಿಲ್ಲ. ಕಾಗದವೇ ಬರೆ.

ನಿನ್ನ ಅಣ್ಣ,
ದೊಡ್ಡಬಸಪ್ಪ

•

ಹಚ್ಚೊಳ್ಳಿ
23 ಫೆಬ್ರವರಿ 2025

ಕಾರ್ಯದರ್ಶಿಗಳಿಗೆ.

ಹಾಡು?

ನಾನು ಅವತ್ತು ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ, ನೀವೇ ರಾಗ ಹಾಕಿಕೊಳ್ಳಿ.

ಹೋದ ಆಗಸ್ಟಿನಲ್ಲಿ ನನ್ನ ಅವ್ವ ಸತ್ತಳು. ಹಳೆಯ ಹೂಳುವ ಜಾಗ ಗದ್ದೆಯೊಳಗೆ ಸೇರಿ ಮೂರು ವರ್ಷವಾಯಿತು, ಅಲ್ಲಿ ಈಗ ತಂತಿಬೇಲಿ. ಇರುವುದು ಆಚೆ ದಂಡೆ. ಕಾಲುವೆ ತುಂಬಿ ಹರಿಯುತ್ತಿತ್ತು. ಟ್ರ್ಯಾಕ್ಟರಿನ ಎರಡು ಟ್ಯೂಬಿಗೆ ಗಾಳಿ ಹಾಕಿ, ಮೇಲೆ ಬಾಗಿಲ ಹಲಗೆ ಕಟ್ಟಿ, ಅದರ ಮೇಲೆ ಅವ್ವನನ್ನು ಮಲಗಿಸಿ, ಎದೆಮಟ್ಟದ ನೀರಿನಲ್ಲಿ ನಾಲ್ವರು ತೇಲಿಸಿಕೊಂಡು ಹೋದರು. ನಡುನೀರಿನಲ್ಲಿ ಹಲಗೆ ವಾಲಿತು. ಅವ್ವನ ಕಾಲು ನೀರಿಗಿಳಿಯಿತು. ನಾನು ಈ ದಂಡೆಯಲ್ಲಿ ನಿಂತು ಒದರುತ್ತಿದ್ದೆ. ಅವ್ವನಿಗೆ ಮಣ್ಣು ಹಾಕಲು ನನಗೆ ಆಗಲಿಲ್ಲ, ಈಜು ಬರುವುದಿಲ್ಲ. 'ಈ ಜಾಗ ಬ್ಯಾಡ. ಮತ್ತೊಂದು ಹೆಣ ನೀರಿಗಿಳಿಸಾಕ ನಾವು ಒಪ್ಪಂಗಿಲ್ಲ. ಬರಕೊಳ್ರಿ ಅಣ್ಣಾ' ಎಂದೆ.

ಇದಕ್ಕೆ ನೀವು ತಾಳ ಹಾಕಿದಿರಿ.

ಇನ್ನೂ ಒಂದು ಕೇಳಿಸಿಕೊಳ್ಳಿ. ತಹಶೀಲ್ದಾರರು ಏಪ್ರಿಲ್ ಹದಿನೈದಕ್ಕೆ ಸ್ಥಳ ನೋಡಲು ಬರುತ್ತಾರಂತೆ, ನೋಡಿ ಕೊನೆಯ ಆದೇಶ. ಕಾಲುವೆ ನೀರು ಬಂದ್ ಆಗುವುದು ಏಪ್ರಿಲ್ ಹತ್ತಕ್ಕೆ. ಮತ್ತೆ ಒಣಗಿದ ಕಾಲುವೆಯನ್ನೇ ನೋಡುತ್ತಾರೆ. ಮತ್ತೆ ಬೂಟು. ಮತ್ತೆ 'ಕಾಲ್ದಾರಿ ಇದೆ.' ಕೈಯಲ್ಲಿ ನಿಮ್ಮ ಸರ್ವಾನುಮತದ ಹಾಳೆ. ನೀರು ಹರಿಯುವಾಗಲೇ ಬಂದು ನೋಡಿ ಎಂದು ಸಮಿತಿ ಬರೆಯಬೇಕು. ಆ ಹಾಳೆ ಇರುವತನಕ ಬರೆಯಲು ಬರುವುದಿಲ್ಲ.

ಕಲ್ಲು ಕ್ವಾರಿ ಮಾಲೀಕನ ಮುಂದೆ ಎದೆ ಕೊಟ್ಟು ನಿಂತವರು ನೀವು. ನಿಮ್ಮನ್ನು ನೋಡಿ ನಾನು ಹೋರಾಟಕ್ಕೆ ಬಂದೆ. ಈಗ ಯಾರ ಪರ ಅದೀರಿ?

ಉಚ್ಚೆಂಗೆಮ್ಮ

•

ಕುರುಗೋಡು
10 ಮಾರ್ಚ್ 2025

ತಂಗಿ ಉಚ್ಚೆಂಗೆಮ್ಮನಿಗೆ, ಜೈ ಭೀಮ್.

ಉತ್ತರ ತಡವಾಯಿತು. ಸ್ಮಶಾನದ ವಿಷಯ ನೋಡುತ್ತಿದ್ದೇನೆ. ಆ ಬಗ್ಗೆ ಮುಂದೆ ಬರೆಯುತ್ತೇನೆ.

ಈ ನಡುವೆ ಬೇರೆ ಒಂದು ಸಹಾಯ. ನನ್ನ ಹೆಂಡತಿಯ ತಮ್ಮ ಕಾಡಸಿದ್ದಪ್ಪನಿಗೆ ಕಿವಿ ಮಂದವಾಗಿದೆ. ಮಷಿನ್ ಹಾಕಿಸಬೇಕು. ನಿನ್ನ ಅವ್ವ ಒಂದು ಹಾಕುತ್ತಿದ್ದಳು, ನಿನ್ನ ತಮ್ಮನ ಮಗಳು ಯಶೋಧರಾ ಬಳ್ಳಾರಿಯಲ್ಲಿ ಅದೇ ಕೆಲಸದಲ್ಲಿದ್ದಾಳೆ. ಅದಕ್ಕೆ ನಿನ್ನನ್ನೇ ಕೇಳುತ್ತಿದ್ದೇನೆ.

ಮೂರು ನಮೂನೆ ಇವೆ ಎಂದು ಕಾಡಸಿದ್ದಪ್ಪ ತಿಳಿದುಕೊಂಡು ಬಂದಿದ್ದಾನೆ. ಒಂದು, ಪೂರ್ತಿ ಕಿವಿಯೊಳಗೆ ಕೂರುವುದು, ಹೊರಗೆ ಕಾಣುವುದಿಲ್ಲ. ಎರಡು, ಕಿವಿಯ ಹಿಂದೆ ಕೂತು ಸಣ್ಣ ನಳಿಕೆ ಒಳಗಿಳಿಯುವುದು. ಮೂರು, ಜೇಬಿನ ಡಬ್ಬಿ, ಅದರಿಂದ ಕಿವಿಗೆ ವೈರು. ಅವನಿಗೆ ಮೊದಲನೆಯದರ ಮೇಲೆ ಮನಸ್ಸು. ಆದರೆ ಅದರ ಬ್ಯಾಟರಿ ಅಕ್ಕಿಕಾಳಿಗಿಂತ ತುಸು ದೊಡ್ಡದಂತೆ. ಅವನ ಎಡಗೈಯ ಎರಡು ಬೆರಳ ತುದಿ ಕಲ್ಲಿನಡಿ ಸಿಕ್ಕಿ ಹೋಗಿವೆ, ಹಿಡಿಯಲಾಗುವುದಿಲ್ಲ. ಮೂರನೆಯದರ ಗುಂಡಿ ದೊಡ್ಡದು, ಆದರೆ ಇಡೀ ಊರಿಗೆ ಕಾಣುತ್ತದೆ. ಎರಡನೆಯದು ಅತ್ತಲೂ ಅಲ್ಲ, ಇತ್ತಲೂ ಅಲ್ಲ.

ಅವನಿಗೆ ಬೇಕಾದದ್ದು ಇಷ್ಟೇ: ನಾಲ್ಕು ಜನ ಕೂತ ಕಡೆ ಮಾತು ತಿಳಿಯಬೇಕು, ಕಿವುಡ ಎಂದು ತಿಳಿಯಬಾರದು. ಹಗಲು ಒಂದು ಬೇಕೆನಿಸುತ್ತದೆ, ಸಂಜೆಗೆ ಇನ್ನೊಂದು. ಯಾವುದು ಸರಿ? ಬೇಗ ಬರೆ.

ದೊಡ್ಡಬಸಪ್ಪ

•

ಹಚ್ಚೊಳ್ಳಿ
14 ಮಾರ್ಚ್ 2025

ದೊಡ್ಡಬಸಪ್ಪಣ್ಣನವರಿಗೆ.

ನಾನು ಹೆಣದ ಬಗ್ಗೆ ಕೇಳಿದೆ, ನೀವು ಹೆಂಡತಿಯ ತಮ್ಮನ ಕಿವಿಯ ಬಗ್ಗೆ ಬರೆದಿರಿ. ಹದಿನೈದು ದಿನ ಕಾಯಿಸಿ! ಕಾಗದವನ್ನು ತಿರುಗಿಸಿ ನೋಡಿದೆ, ಹಿಂದೆ ಏನಾದರೂ ಬರೆದಿದ್ದೀರೇನೋ ಎಂದು. ಖಾಲಿ.

ಆದರೂ ಕಾಡಸಿದ್ದಪ್ಪ ಏನು ತಪ್ಪು ಮಾಡಿದ್ದಾನೆ? ಅವನಿಗಾಗಿ ಬರೆಯುತ್ತೇನೆ.

ಅವ್ವನಿಗೆ ಶಿಬಿರದಲ್ಲಿ ಕೊಟ್ಟದ್ದು ಡಬ್ಬಿ. 'ಯಾವುದು ಬೇಕಮ್ಮಾ' ಎಂದು ಯಾರೂ ಕೇಳಲಿಲ್ಲ. ಸಾಲಿನಲ್ಲಿ ನಿಲ್ಲಿಸಿ ಎಲ್ಲರ ಕೊರಳಿಗೂ ಒಂದೇ ಡಬ್ಬಿ ಹಾಕಿ ಫೋಟೋ ತೆಗೆದರು. ಅವ್ವ ಎಲೆಅಡಿಕೆ ಚೀಲದಂತೆ ಒಂದು ಚೀಲ ಹೊಲಿದುಕೊಂಡು ಕುಪ್ಪಸದ ಮೇಲೆ ಇಳಿಬಿಟ್ಟಳು. ಸೆರಗು ತಾಗಿದರೆ ಸಾಕು, ಅವಳ ಕಿವಿಯಲ್ಲಿ ಭತ್ತ ಸುರಿದಂತೆ ಸದ್ದು. ನಾಟಿಗೆ ಬಗ್ಗಿದರೆ ಡಬ್ಬಿ ಕೆಸರಿಗೆ. ಆದರೆ ಕೈಗೆ ಸಿಗುತ್ತಿತ್ತು, ಗುಂಡಿ ಒತ್ತುವುದು ಸುಲಭ. ನಾನೂ ತಮ್ಮನ ಹೆಂಡತಿಯೂ ಜಗಳ ತೆಗೆದರೆ ಟಕ್ ಎಂದು ಆರಿಸಿ ಕೂರುತ್ತಿದ್ದಳು. 'ನಿಮ್ಮದು ಮುಗದ ಮ್ಯಾಲ ಕೈ ಮಾಡ್ರವ್ವಾ, ಹಚ್ಚಿಕೊಂತೀನಿ' ಎನ್ನುವಳು. ಆ ಡಬ್ಬಿ ನನ್ನ ಟ್ರಂಕಿನಲ್ಲಿದೆ. ಹೂಳುವಾಗ ಜೊತೆಗಿಡಬೇಕೆಂದಿದ್ದೆ. ದಾಟಲಾಗಲಿಲ್ಲ.

ಒಳಗಿನದು, ಹಿಂದಿನದು ನನಗೆ ಗೊತ್ತಿಲ್ಲ. ಯಶೋಧರಾಳನ್ನೇ ಕೇಳಲಿ. ಅವಳ ಅಂಗಡಿ ಬಳ್ಳಾರಿಯಲ್ಲಿ ಕಂಟೋನ್ಮೆಂಟ್ ಕಡೆಗಿದೆಯಂತೆ, ನಾನು ನೋಡಿಲ್ಲ. ನಂಬರ್ ಕೆಳಗೆ ಬರೆದಿದ್ದೇನೆ.

ಆದರೆ ಒಂದು ಕೇಳುತ್ತೇನೆ. ಕಾಣಬಾರದು ಎಂದರೇನು? ಕನ್ನಡಕ ಕಾಣುತ್ತದೆ. ಊರುಗೋಲು ಕಾಣುತ್ತದೆ. ಕ್ವಾರಿಯ ಡ್ರಿಲ್ಲು ಹಿಡಿದವರ ಕಿವಿ ಹೋದರೆ ಅದು ಮಾಲೀಕನಿಗೆ ನಾಚಿಕೆ, ಕೂಲಿಯವನಿಗೆ ಯಾಕೆ? ಇದನ್ನು ಕಾಡಸಿದ್ದಪ್ಪನಿಗೆ ಹೇಳಿರಿ. ನೀವೇ ಇಂಥ ಮಾತು ಹೇಳಿ ನಮ್ಮನ್ನು ಬೀದಿಗೆ ತಂದವರು.

ಸ್ಮಶಾನದ ಬಗ್ಗೆ ಒಂದು ಸಾಲಾದರೂ ಬರೆಯಿರಿ. ನೀರು ಬಂದ್ ಆಗಲು ಇಪ್ಪತ್ತೇಳು ದಿನ.

ಉಚ್ಚೆಂಗೆಮ್ಮ

•

ಹಚ್ಚೊಳ್ಳಿ
21 ಮಾರ್ಚ್ 2025

ಕಾರ್ಯದರ್ಶಿಗಳಿಗೆ.

ನಿಮ್ಮಿಂದ ಉತ್ತರವಿಲ್ಲ. ಬೇರೆ ಕಡೆಯಿಂದ ಬಂತು.

ಆಟೋ ಜಡೆಪ್ಪ ಹೇಳಿದ: 'ಅಕ್ಕಾ, ನಿಮ್ಮ ದೊಡ್ಡಬಸಪ್ಪಣ್ಣ ಬಳ್ಳಾರಿ ಕಂಟೋನ್ಮೆಂಟ್‌ನಾಗ ಇಳದ. ಬಿಳಿ ಅಂಗಿ, ಕೈಯಾಗ ಫೈಲು. ಮಾತಾಡಿಸಿದ್ರ ತಿರುಗಿ ಸುದ್ದಾ ನೋಡಲಿಲ್ಲ, ದೊಡ್ಡ ಮನಷ್ಯಾ ಆಗ್ಯಾನ.' ಒಂದು ಸಲವಲ್ಲ. ಸೋಮವಾರ ಒಮ್ಮೆ, ಗುರುವಾರ ಒಮ್ಮೆ.

ಸಾಹೇಬರ ಬಂಗಲೆಗಳಿರುವ ಕಡೆ ನಿಮಗೇನು ಕೆಲಸ? ಯಶೋಧರಾಳ ಅಂಗಡಿಗೆ ಎನ್ನಬೇಡಿ, ಜೊತೆಗೆ ಕಾಡಸಿದ್ದಪ್ಪ ಇರಲಿಲ್ಲವಂತೆ. ಯಾರ ಜೊತೆ ಕೂತಿರಿ? ನಮ್ಮ ಹೆಣಗಳ ಬಗ್ಗೆ ಏನು ಮಾತಾಡಿ ಬಂದಿರಿ? ಕಾಡಸಿದ್ದಪ್ಪನ ಕಿವಿಯ ಕಥೆ ನನ್ನ ಬಾಯಿ ಮುಚ್ಚಿಸಲು ಕಟ್ಟಿದ್ದೇ?

ನಿಮ್ಮನ್ನು ಬೈಯಲೂ ಬಾಯಿ ಬರುತ್ತಿಲ್ಲ, ನಂಬಲೂ ಆಗುತ್ತಿಲ್ಲ. ಇನ್ನು ಮೇಲೆ ನಾನು ಸಭೆಯಲ್ಲಿ ಹಾಡುವುದಿಲ್ಲ. ಇದನ್ನು ಪುಸ್ತಕದಲ್ಲಿ ಬರೆದುಕೊಳ್ಳಿ. ಇದಾದರೂ ಸರ್ವಾನುಮತ.

ಉಚ್ಚೆಂಗೆಮ್ಮ

•

ಸತ್ಯನಾರಾಯಣಪೇಟೆ, ಬಳ್ಳಾರಿ
25 ಮಾರ್ಚ್ 2025

ಉಚ್ಚೆಂಗೆಮ್ಮ,

ಮಗಳು ರಾಧಾಳ ಮನೆಯಿಂದ ಬರೆಯುತ್ತಿದ್ದೇನೆ. ನಿನ್ನ ಎರಡೂ ಕಾಗದ ಕುರುಗೋಡಿನಿಂದ ಇಲ್ಲಿಗೆ ಬಂದವು.

ಕಾಡಸಿದ್ದಪ್ಪನ ಕಿವಿ ಚೆನ್ನಾಗಿದೆ. ಅವನ ಹತ್ತು ಬೆರಳೂ ನೆಟ್ಟಗಿವೆ. ಬೆರಳ ತುದಿ ಹೋದದ್ದು, ಕಿವಿ ಕೆಟ್ಟಿದ್ದು ನನ್ನದು.

ಕ್ವಾರಿಯಲ್ಲಿ ಇಪ್ಪತ್ತೆರಡು ವರ್ಷ ಬಂಡೆಗೆ ತೂತು ಹೊಡೆದವನು ನಾನು. ಕೆಲಸ ಬಿಟ್ಟ ಮೇಲೂ ಕಿವಿಯೊಳಗೆ ಅದೇ ಸದ್ದು ಓಡುತ್ತಿತ್ತು. ಕ್ರಮೇಣ ಹೊರಗಿನದು ಕಡಿಮೆಯಾಯಿತು, ಒಳಗಿನದು ಉಳಿಯಿತು. ಎಡಗಿವಿ ಪೂರ್ತಿ ಸತ್ತಿದೆ, ಬಲಗಿವಿ ಅರ್ಧ. ಮೂರು ವರ್ಷದಿಂದ ನಮ್ಮ ಸಭೆಯಲ್ಲಿ ನನಗೆ ಕೇಳುವುದು ಮುಂದಿನ ಸಾಲು ಮಾತ್ರ, ಅದೂ ಎದುರಿಗೆ ಮುಖವಿದ್ದರೆ. ಉಳಿದದ್ದನ್ನು ಮುಖ ನೋಡಿ ಊಹಿಸುತ್ತಿದ್ದೆ. ನಕ್ಕರೆ ಒಪ್ಪಿದರು. ತಲೆ ತಗ್ಗಿಸಿದರೆ ಒಪ್ಪಿದರು. ಸುಮ್ಮನಿದ್ದರೆ ಒಪ್ಪಿದರು. ಬಾಗಿಲ ಬಳಿ ನೀನು ಎದ್ದು ಕೈ ಎತ್ತಿದರೆ ಹಾಡು. ಹೀಗೆ ನಡಾವಳಿ ಬರೆದೆ. ಅವತ್ತು ನಿನ್ನ ತುಟಿ ಆಡುತ್ತಿದ್ದವು, ಕೈ ಮೇಲಿತ್ತು, ಕಣ್ಣಲ್ಲಿ ನೀರಿತ್ತು. ನಾನು ತಾಳ ಹಾಕಿದೆ.

ನಿನ್ನ ಫೆಬ್ರವರಿಯ ಎರಡನೆಯ ಕಾಗದ ಓದಿದ ದಿನ ತಿಳಿಯಿತು. ತಿಳಿದ ಮೇಲೂ ಹದಿನೈದು ದಿನ ಸುಮ್ಮನಿದ್ದೆ. ಆಮೇಲೂ ನಿಜ ಬರೆಯದೆ ಕಾಡಸಿದ್ದಪ್ಪನನ್ನು ಮುಂದೆ ಮಾಡಿದೆ. ಹೋರಾಟಗಾರ!

ಕಂಟೋನ್ಮೆಂಟ್‌ನಲ್ಲಿ ನಾನು ಕೂತದ್ದು ಯಶೋಧರಾಳ ಮುಂದೆ, ಗಾಜಿನ ಕೋಣೆಯೊಳಗೆ. ಸದ್ದು ಬಂದರೆ ಗುಂಡಿ ಒತ್ತಬೇಕು. ನಾನು ಬಾರದ ಸದ್ದಿಗೂ ಒತ್ತಿದೆ. 'ದೊಡ್ಡಪ್ಪ, ಊಹೆ ಮಾಡಬ್ಯಾಡ್ರಿ. ಕೇಳಿದ್ರಷ್ಟೇ ಒತ್ರಿ' ಎಂದಳು ಆ ಹುಡುಗಿ. ಮೂರು ವರ್ಷದಲ್ಲಿ ನನಗೆ ಯಾರೂ ಹೇಳದ ಮಾತು. ನಿನಗೆ ಹೇಳಬಾರದೆಂದು ಅವಳಿಂದ ಮಾತು ತೆಗೆದುಕೊಂಡಿದ್ದೆ. ಅವಳನ್ನು ಬೈಯಬೇಡ. ಜಡೆಪ್ಪನಿಗೆ ಹೇಳು, ಅವನು ಕರೆದದ್ದು ಕೇಳಲಿಲ್ಲ.

ಅವಳು ಮೂರನ್ನೂ ಮೇಜಿನ ಮೇಲಿಟ್ಟಳು. ಒಳಗಿನದು ಶೇಂಗಾಬೀಜದಷ್ಟಿದೆ. ಅದನ್ನು ಹಾಕಿ ನೋಡಿ ಎಂದು ಕೊಡಲು ಬರುವುದಿಲ್ಲ, ಕಿವಿಯ ಅಚ್ಚು ತೆಗೆದು ನನಗೆಂದೇ ಮಾಡಿಸಬೇಕು. ಮಾಡಿಸಿದ ಮೇಲೆ ನನ್ನ ಕಿವಿಗೆ ಅದರ ಜೋರು ಸಾಲದೆ ಹೋಗಬಹುದು. ಕಿವಿ ಆಗಾಗ ಸೋರುತ್ತದೆ, ಒಳಗೆ ಬಿರಡೆ ಜಡಿದಂತೆ ಮುಚ್ಚಿದರೆ ಒಳ್ಳೆಯದಲ್ಲ ಎಂದಳು. ಹಿಂದಿನದು ಜೋರಾಗಿದೆ, ಎದುರಿನ ದನಿಯನ್ನು ಚೂರು ಮುಂದೆ ತರುತ್ತದೆ, ಆದರೆ ಕಾಣುತ್ತದೆ. ಡಬ್ಬಿ ಕೈಗೆ ಸಲೀಸು, ಆದರೆ ಅಂಗಿಯ ಸದ್ದು. ಮೊದಲ ದಿನ ಡಬ್ಬಿ ಸರಿ ಎನಿಸಿತು. ಎರಡನೆಯ ದಿನ ಹಿಂದಿನದು. ಮನೆಗೆ ಬಂದು ಕನ್ನಡಿ ನೋಡಿದ ಮೇಲೆ ಒಳಗಿನದು. ಮತ್ತೆ ಹೋದೆ. ಯಶೋಧರಾ ನಕ್ಕಳು: 'ಸೀರಿ ಅಂಗಡಿಗೆ ಬಂದೋರು ಸುದ್ದಾ ಇಷ್ಟು ಹೊತ್ತು ನೋಡಂಗಿಲ್ಲ ದೊಡ್ಡಪ್ಪ.'

ಹಿಂದಿನದನ್ನು ಐದು ದಿನ ಹಾಕಿ ನೋಡಲು ಕೊಟ್ಟಿದ್ದಾಳೆ. ಈಗ ಕಿವಿಯಲ್ಲಿದೆ. ಏನು ಹೇಳಲಿ? ಮೊದಲು ಬಂದದ್ದು ಮಾತಲ್ಲ, ಫ್ಯಾನು. ನನ್ನ ಚಪ್ಪಲಿ. ಯಾರೋ ಪೇಪರು ಹರಿದರು, ಬಂಡೆ ಸೀಳಿದಂತಾಯಿತು. ರಾಧಾ ಮನೆಯಲ್ಲಿ ಜೀನ್ಸ್ ಹೊಲಿಯುತ್ತಾಳೆ, ಆ ಮಷಿನ್ನು ನನ್ನ ತಲೆಯೊಳಗೇ ಹೊಲಿಯುತ್ತಿದೆ. ಮಾತೂ ಸದ್ದೂ ಒಟ್ಟಿಗೆ ನುಗ್ಗುತ್ತವೆ, ಯಾವುದು ಯಾವುದೆಂದು ಬಿಡಿಸಲಾಗುತ್ತಿಲ್ಲ. 'ಅಪ್ಪಾ, ಮಷಿನ್ ಹಾಕ್ಕೊಂಡ ಮ್ಯಾಲೂ ಯಾಕ ಒದರ್ತಿ? ಮೂರು ವರ್ಷಾತು, ಓಣಿಗೆಲ್ಲಾ ಕೇಳ್ತತಿ' ಎಂದಳು ರಾಧಾ. ಒದರುತ್ತಿದ್ದೆನೇ? ನನಗೆ ಗೊತ್ತೇ ಇರಲಿಲ್ಲ.

ಮಾರೆಣ್ಣನಿಗೆ ಎಲ್ಲ ಹೇಳಿದೆ. ಅವನಿಗೆ ಮೊದಲೇ ಗುಮಾನಿ ಇತ್ತಂತೆ. ನಿನ್ನ ಮಾತನ್ನು ಅವತ್ತು ಅವನು ಕೇಳಿಸಿಕೊಂಡಿದ್ದಾನೆ. ಚಪ್ಪಾಳೆ ಬಿದ್ದ ಮೇಲೆ ಸುಮ್ಮನಾದ. 'ಜಾಗ ಸಿಕ್ಕಿದ್ದ ದೊಡ್ಡದು, ಸೇತುವಿ ಆಮ್ಯಾಲ ನೋಡಾಣ ಅಂದ್ಕೊಂಡೆ' ಎಂದ. ಈಗ ಅವನ ಮಾತು ಹೀಗಿದೆ: 'ಲೇ ಬಸಪ್ಪಾ, ಒಳಗಿಂದ ಹಾಕಿಸ್ಕೋ. ಯಾರಿಗೂ ಗೊತ್ತಾಗಂಗಿಲ್ಲ. ಒಂದು ಪುಟ ಸುಳ್ಳು ಅಂತ ಬರದುಕೊಟ್ರ ಇಡೀ ಪುಸ್ತಕಾನ ಸುಳ್ಳು ಅಂತಾರ. ಮೂರು ವರ್ಷದ ನಿರ್ಣಯ ಎಲ್ಲಾ ನೀರಾಗ ಹೋಗ್ತತಿ. ನಾಕು ಊರಿಗೆ ಸ್ಮಶಾನ ತಂದೀವಿ, ಅವೂ ಹೋಗ್ತಾವ.'

ಅವನು ಹೇಳುವುದರಲ್ಲಿ ಪೂರ್ತಿ ಸುಳ್ಳಿಲ್ಲ. ಅದೇ ನನ್ನ ಸಂಕಟ. ಒಳಗಿನದನ್ನು ಹಾಕಿಸಿಕೊಂಡರೆ ಇನ್ನು ಮುಂದೆ ಚೂರುಪಾರು ಕೇಳಬಹುದು, ಹಿಂದೆ ಆದದ್ದನ್ನು ಯಾರೂ ಕೆದಕಿ ಕೇಳುವುದಿಲ್ಲ. ಕಾಣುವುದನ್ನು ಹಾಕಿಸಿಕೊಂಡು ಸಭೆಗೆ ಬಂದರೆ ಮೊದಲನೆಯ ಪ್ರಶ್ನೆ 'ಯಾವಾಗಿನಿಂದ?' ಅದಕ್ಕೆ ಉತ್ತರ ಕೊಡಬೇಕು. ಉತ್ತರ ಕೊಟ್ಟರೆ ಪುಸ್ತಕ ಹೋಗುತ್ತದೆ. ಕೊಡದಿದ್ದರೆ ನಿನ್ನ ಕೇರಿಯ ಹೆಣಗಳು ಟ್ಯೂಬಿನ ಮೇಲೆ ಹೋಗುತ್ತವೆ.

ಐದು ದಿನದಲ್ಲಿ ಹೇಳಬೇಕು. ನನಗೆ ತಿಳಿಯುತ್ತಿಲ್ಲ. ನಿನಗೆ ತಿಳಿಯುತ್ತದೆಯೇ?

ದೊಡ್ಡಬಸಪ್ಪ

•

ಹಚ್ಚೊಳ್ಳಿ
28 ಮಾರ್ಚ್ 2025

ದೊಡ್ಡಬಸಪ್ಪಣ್ಣನವರಿಗೆ.

ನಿಮ್ಮ ಕಾಗದ ಓದಿ ಗದ್ದೆಗೆ ಹೋದೆ. ಕಳೆ ಕೀಳುವ ಬದಲು ಭತ್ತ ಕಿತ್ತೆ. ಒಂದೂವರೆ ತಿಂಗಳಿಂದ ಹೊತ್ತು ತಿರುಗಿದ ಸಿಟ್ಟು, ಈಗ ಇಳಿಸಲು ಜಾಗವಿಲ್ಲ. ನೀವು ಮೋಸಗಾರರಾಗಿದ್ದರೆ ನನಗೆ ಸುಲಭವಿತ್ತು.

ನಾನೂ ಒಂದು ಮುಚ್ಚಿಟ್ಟಿದ್ದೇನೆ. ನಿಮಗೆ ಕಿವಿ ಕೇಳುವುದಿಲ್ಲ ಎಂದು ಹಿಂದಿನ ಸಾಲಿನ ಹೆಂಗಸರು ವರ್ಷದಿಂದ ಅನ್ನುತ್ತಿದ್ದರು. ದುರುಗಮ್ಮ ಒಮ್ಮೆ ಸಭೆಯಲ್ಲೇ ನಿಮ್ಮನ್ನು ನೋಡಿ, 'ಏ ಕಾರ್ಯದರ್ಶಿ, ನಿನ್ನ ಮೀಸಿಗೆ ಬೆಂಕಿ ಹತ್ತೈತಿ' ಎಂದಳು. ನೀವು ಕೈ ಮುಗಿದಿರಿ. ಎಲ್ಲರೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಾನು ಗದರಿದೆ: 'ಹಿರೇರ ಬಗ್ಗೆ ಹಂಗ ಮಾತಾಡಬ್ಯಾಡ್ರಿ.' ಅವರು ನಗುತ್ತ ಹೇಳಿದ್ದು ನಿಜ, ನಾನು ಗೌರವದಿಂದ ಮುಚ್ಚಿದ್ದು ಸುಳ್ಳು. ಹೆಣದ ಮೆರವಣಿಗೆಯಲ್ಲಿ, ಧರಣಿಯಲ್ಲಿ, ಹದಿನೆಂಟು ವರ್ಷ ನಿಮ್ಮ ಮುಖ ನೋಡಿದವಳು ನಾನು. ನನಗೇ ತಿಳಿಯಲಿಲ್ಲ. ಕಾಡಸಿದ್ದಪ್ಪನಿಗೂ ನಿಮ್ಮಂತೆಯೇ ಎಡಗೈಯ ಎರಡು ಬೆರಳ ತುದಿ ಇಲ್ಲ ಎಂದು ಓದಿದಾಗಲೂ, ಕಲ್ಲಿನ ಕೆಲಸದವರಿಗೆಲ್ಲ ಇದೇ ಗತಿ ಎಂದುಕೊಂಡೆ.

ಇದರಿಂದ ಕ್ಷಮಿಸಿದೆ ಎಂದುಕೊಳ್ಳಬೇಡಿ. ಕೇಳದಿದ್ದದ್ದು ನಿಮ್ಮ ತಪ್ಪಲ್ಲ. ಕೇಳಲಿಲ್ಲ ಎಂದು ಹೇಳದೆ ಬರೆದದ್ದು ತಪ್ಪು.

ಯಾವ ಮಷಿನ್ನು ಎಂದು ನನ್ನನ್ನು ಕೇಳಿದಿರಿ. ಯಶೋಧರಾಗೆ ಫೋನ್ ಹಚ್ಚಿದೆ. ಅವಳನ್ನು ಬೈಯಲಿಲ್ಲ, ಚೂರೇ ಬೈದೆ. ಒಂದೇ ಪ್ರಶ್ನೆ ಕೇಳಿದೆ: 'ನಮ್ಮ ಸಭಿಯಾಗ ಹೆಂಗಸರು ಬಾಗಲ ಹತ್ತಿರ ಕುಂದ್ರತೀವಿ. ಅಲ್ಲಿಂದ ಮಾತಾಡಿದ್ರ ಕೇಳೋ ಮಷಿನ್ ಯಾವುದು?'

'ಯಾವುದೂ ಇಲ್ಲ ಅತ್ತಿ' ಎಂದಳು. 'ಒಳಗಿಂದಕ್ಕೂ ಕೇಳಂಗಿಲ್ಲ, ಹಿಂದಿಂದಕ್ಕೂ ಕೇಳಂಗಿಲ್ಲ. ನಾಕು ಮಾರು ದೂರದ ಮಾತು, ನಡುವ ಅರವತ್ತು ಜನ ಗದ್ದಲ. ಮಷಿನ್ನಿಗೆ ಎಲ್ಲಾ ಒಂದ. ಮಾತಾಡೋರು ಮುಂದ ಬರಬೇಕು.'

ಹದಿನೆಂಟು ವರ್ಷ ನಾವು ಬಾಗಿಲ ಬಳಿ ಯಾಕೆ ಕೂತೆವು? ಅಡುಗೆಗೆ ಬೇಗ ಎದ್ದು ಹೋಗಲು ಅನುಕೂಲವೆಂದು. ಗಂಡಸರು ಮುಂದಿರಲಿ ಎಂದು. ಊರಿನವರು ನಮ್ಮನ್ನು ಹೊರಗೆ ಕೂರಿಸಿದರು ಎಂದು ಹಾಡು ಕಟ್ಟಿದವಳು, ನಮ್ಮದೇ ಸಭೆಯಲ್ಲಿ ಹೊಸ್ತಿಲ ಹತ್ತಿರ ಕೂತಿದ್ದೆ. ಅದನ್ನು ಯಾವ ಮಷಿನ್ ಸರಿ ಮಾಡುತ್ತದೆ?

ಆದ್ದರಿಂದ ನಿಮ್ಮ ಕಿವಿಯೊಳಗಿನದೋ ಹಿಂದಿನದೋ ನಾನು ಹೇಳುವುದಿಲ್ಲ. ಕಿವಿ ನಿಮ್ಮದು. ನಾನು ಹೇಳುವುದು ಎರಡು. ನಾವು ಮುಂದೆ ಬಂದು ಕೂರುತ್ತೇವೆ, ನೀವು ಕರೆದರೂ ಸರಿ, ಕರೆಯದಿದ್ದರೂ ಸರಿ. ಮಾರೆಣ್ಣನಿಗೆ ಹೇಳಿರಿ: ಪುಸ್ತಕ ಹೋದರೆ ಹೋಗಲಿ, ಮತ್ತೆ ಬರೆಯೋಣ. ನಾಲ್ಕು ಊರಿನವರನ್ನೂ ಮತ್ತೆ ಕೇಳೋಣ. ಕೇಳಿದರೆ ಸ್ಮಶಾನ ಹೋಗುತ್ತದೆ ಎನ್ನುವುದಾದರೆ, ಅದು ಅವರು ಒಪ್ಪಿದ ಸ್ಮಶಾನವೇ ಅಲ್ಲ.

ನಾನು ಹಾಡುವುದಿಲ್ಲ ಎಂದದ್ದು ಹಾಗೇ ಇದೆ. ಇನ್ನು ಹದಿಮೂರು ದಿನ.

ಉಚ್ಚೆಂಗೆಮ್ಮ

•

ಕುರುಗೋಡು
1 ಏಪ್ರಿಲ್ 2025

ತಂಗಿ ಉಚ್ಚೆಂಗೆಮ್ಮನಿಗೆ, ಜೈ ಭೀಮ್.

ಈ ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ, ತಡವಾಗುತ್ತದೆ. ಜಡೆಪ್ಪನ ಕೈಯಲ್ಲೇ ಕಳಿಸುತ್ತಿದ್ದೇನೆ. ಐದು ದಿನದ ಮಷಿನ್ ಹಿಂದಿರುಗಿಸಲು ಹೊರಟಾಗ ಅವನು ಕರೆದದ್ದು ಈ ಸಲ ಕೇಳಿತು. 'ಅಣ್ಣಾ' ಎಂದ. ತಿರುಗಿದೆ. ಅವನು ಕರೆದದ್ದು ಬೇರೆ ಯಾರನ್ನೋ. ಇಬ್ಬರೂ ನಕ್ಕೆವು.

ಕಿವಿಯ ಹಿಂದಿನದನ್ನೇ ಮಾಡಲು ಹೇಳಿದೆ. ಬಲಗಿವಿಗೆ. ಗುಲಾಬಿ ಬಣ್ಣದ ಹಿಟ್ಟು ತುಂಬಿ ಅಚ್ಚು ತೆಗೆದಿದ್ದಾಳೆ, ಶುಕ್ರವಾರ ಕೊಡುತ್ತಾಳೆ. ಮೈಬಣ್ಣದ್ದು ಬೇಕೇ, ಕರಿಯದು ಬೇಕೇ ಎಂದು ಕೇಳಿದಳು. ಮೈಬಣ್ಣ ಎಂದು ಅವಳು ತೋರಿಸಿದ್ದು ಯಾರ ಮೈಯ ಬಣ್ಣವೋ, ನಮ್ಮ ಕೇರಿಯಲ್ಲಂತೂ ನಾನು ಕಂಡಿಲ್ಲ. ಕೆಂಪು ಇದೆಯೇ ಎಂದೆ. ಇತ್ತು. ಈಗ ಅದೂ ಸರಿಯೋ ತಪ್ಪೋ ಎಂದು ಅನುಮಾನ ಶುರುವಾಗಿದೆ. ಇರಲಿ. ಬ್ಯಾಟರಿ ಹಾಕುವುದನ್ನು ಕಲಿಯುತ್ತಿದ್ದೇನೆ. ನಾಲ್ಕು ಬಿದ್ದವು, ಒಂದು ಕೂತಿತು.

ತಹಶೀಲ್ದಾರರಿಗೆ ಬರೆದುಕೊಟ್ಟೆ: ಫೆಬ್ರವರಿ ಒಂಬತ್ತರ ನಿರ್ಣಯದಲ್ಲಿ 'ಸರ್ವಾನುಮತ' ಎಂಬುದು ನಿಜವಲ್ಲ, ವಿರೋಧ ಬಂದಿತ್ತು, ಕಾರ್ಯದರ್ಶಿಗೆ ಕಿವಿ ಕೇಳಿಸುತ್ತಿರಲಿಲ್ಲ, ಕೇಳಿಸದ್ದನ್ನು ಬರೆದದ್ದು ಅವನ ತಪ್ಪು. ಕಾಲುವೆಯಲ್ಲಿ ನೀರಿರುವಾಗಲೇ ಸ್ಥಳ ನೋಡಬೇಕು. ಗುಮಾಸ್ತ ಓದಿ, 'ಇಂಥಾದ್ದು ಯಾರಾದ್ರೂ ಬರದುಕೊಡ್ತಾರೇನ್ರಿ?' ಎಂದ. ಮೊಹರು ಹಾಕಿ ನಕಲು ಕೊಟ್ಟ. ಬರುತ್ತೇವೆ ಎನ್ನಲಿಲ್ಲ, ಬರುವುದಿಲ್ಲ ಎನ್ನಲಿಲ್ಲ. ಅವರು ಬಂದರೂ ಬರದಿದ್ದರೂ ನಾವಂತೂ ನೀರಿನ ಎದುರು ಸೇರಿ ಆ ನಿರ್ಣಯವನ್ನು ಮತ್ತೆ ಕೇಳಬೇಕು.

ಮಾರೆಣ್ಣ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಸಭೆಯ ನೋಟೀಸಿಗೆ ಮಾತ್ರ ಸಹಿ ಹಾಕಿದ. ಹಾಕುವಾಗ ಏನೋ ಗೊಣಗಿದ. ಐದು ದಿನದ ಮಷಿನ್ ಹಿಂದಿರುಗಿಸಿ ಬಂದಿದ್ದೆ, ತಿಳಿಯಲಿಲ್ಲ. ಮೊದಲಾಗಿದ್ದರೆ ಒಳ್ಳೆಯದನ್ನೇ ಅಂದ ಎಂದು ಊಹಿಸಿಕೊಂಡು ನಗುತ್ತಿದ್ದೆ. 'ಏನಂದಿ?' ಎಂದು ಕೇಳಿದೆ. ಬೈಗುಳ. ಜೋರಾಗಿ, ಮುಖಕ್ಕೇ ಹೇಳಿದ. ಮನಸ್ಸಿಗೆ ಹಗುರವಾಯಿತು, ಯಾಕೋ ಗೊತ್ತಿಲ್ಲ.

ಒಂದು ತೊಂದರೆ ಇದೆ. ಹರಿಯುವ ನೀರಿನ ಸದ್ದು ಮಷಿನ್ನಿಗೆ ಹೊಂದುವುದಿಲ್ಲ, ಅದೇ ಎಲ್ಲ ದನಿಯನ್ನೂ ನುಂಗುತ್ತದೆ ಎಂದಿದ್ದಾಳೆ ಯಶೋಧರಾ. ಎರಡು ದಿನದ ಹೊಸ ಕಿವಿ, ಮುಂದೆ ತುಂಬಿದ ಕಾಲುವೆ. ಅಲ್ಲಿ ನನಗೆ ಏನೂ ಬಿಡಿಸಿ ಕೇಳದೆ ಹೋಗಬಹುದು. ಆದ್ದರಿಂದ ನೀನು ಎಲ್ಲೋ ದೂರ ನಿಲ್ಲಬಾರದು. ನನ್ನ ಬಲಕ್ಕೆ, ಮೊಳದಷ್ಟು ಹತ್ತಿರ, ಮುಖ ನನ್ನ ಕಡೆ. ದುರುಗಮ್ಮನೂ ಬರಲಿ, ಮೀಸೆಯ ಮಾತು ಇನ್ನೊಮ್ಮೆ ಹೇಳಲಿ, ಅದನ್ನೂ ಬರೆಯುತ್ತೇನೆ. ಒಂದೊಂದು ಮಾತು ಬರೆದ ಮೇಲೂ ನಿನಗೆ ಓದಿ ಹೇಳುತ್ತೇನೆ. ನೀನು ಸರಿ ಎಂದರೆ ಮುಂದಿನ ಸಾಲು.

ಚಪ್ಪಾಳೆಯ ಭಯ ಬೇಡ. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಪೆನ್ನು ಇರುತ್ತದೆ.

ನೋಟೀಸು ಇದೇ:

ಸ್ಮಶಾನ ಭೂಮಿ ಹೋರಾಟ ಸಮಿತಿಯ ಸಭೆ. ವಿಷಯ: ಫೆಬ್ರವರಿ ಒಂಬತ್ತರ ನಿರ್ಣಯವನ್ನು ಮತ್ತೆ ಕೇಳುವುದು. ಹೆಂಗಸರು ಮುಂದೆ. ಸ್ಥಳ: ಹಚ್ಚೊಳ್ಳಿ ಕಾಲುವೆಯ ಈಚೆ ದಂಡೆ, ಹೆಣ ಇಳಿಸುವ ಜಾಗ. ದಿನ: 6 ಏಪ್ರಿಲ್ 2025, ಭಾನುವಾರ. ಹೊತ್ತು: ಬೆಳಿಗ್ಗೆ ಎಂಟು ಗಂಟೆ, ನೀರು ಹರಿಯುತ್ತಿರುವಾಗ.